ಕೈಗಡಿಯಾರಕ್ಕೆ ಪಹಣಿ ಇಲ್ಲ: ಡಯಲ್ ಮೇಲಿನ ಲಾಂಛನ ಹೇಳುವುದೆಷ್ಟು?

ಬೈರಮಂಗಲ: ಬಿಡದಿ ಹೋಬಳಿಯ ಈ ಊರಿನ ರೈತನ ಆಸ್ತಿ ಎಷ್ಟೆಂದು ತಿಳಿಯಲು ಯಾರೂ ಆತನ ಮನೆಯ ಬಾಗಿಲು ತಟ್ಟಬೇಕಾಗಿಲ್ಲ. ಸರ್ವೆ ನಂಬರು ಗೊತ್ತಿದ್ದರೆ ಸಾಕು. ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಬೆಳೆ, ಅದರ ಮೇಲೆ ಯಾವ ಬ್ಯಾಂಕಿನ ಸಾಲ ಎಂಬುದೆಲ್ಲ ಪಹಣಿಯಲ್ಲಿ ದಾಖಲಾಗಿರುತ್ತದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲಂತೂ ಈ ಮಾಹಿತಿ ಯಾರ ಕೈಗೂ ಎಟಕುವಂತಾಗಿದೆ. ಬಿಡದಿ ಬಳಿಯ ಉಪನಗರ ಯೋಜನೆಗಾಗಿ ಭೂಸ್ವಾಧೀನಕ್ಕೆ ಸರ್ಕಾರ ಮುಂದಾದಾಗ, 2025ರಲ್ಲಿ ಬೈರಮಂಗಲದಲ್ಲಿ ಧರಣಿ ಕುಳಿತ ರೈತರ ಹಿಡುವಳಿಯ ಪ್ರತಿ ಗುಂಟೆಯೂ ಸರ್ಕಾರದ ಲೆಕ್ಕದಲ್ಲಿತ್ತು.

ಅದೇ ವರ್ಷದ ಕೊನೆಯಲ್ಲಿ ರಾಜ್ಯವೆಲ್ಲ ಮಾತನಾಡಿದ್ದು ಬೇರೊಂದು ಆಸ್ತಿಯ ಬಗ್ಗೆ. ಅದಕ್ಕೆ ಸರ್ವೆ ನಂಬರು ಇರಲಿಲ್ಲ, ಖಾತೆ ಇರಲಿಲ್ಲ. ಇದ್ದದ್ದು ಒಂದು ಛಾಯಾಚಿತ್ರ, ಛಾಯಾಚಿತ್ರದಲ್ಲೊಂದು ಮಣಿಕಟ್ಟು, ಮಣಿಕಟ್ಟಿನ ಮೇಲೊಂದು ಡಯಲ್ ಅಷ್ಟೆ.

2025ರ ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ನಡೆದ ಉಪಾಹಾರ ಭೇಟಿಯಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಮತ್ತು ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರ ಕೈಗಳಲ್ಲಿ ಒಂದೇ ಬಗೆಯ ‘ಕಾರ್ತಿಯೆ ಸ್ಯಾಂಟೋಸ್’ ವಾಚುಗಳು ಕಂಡವು. ನಾಯಕತ್ವದ ಚರ್ಚೆಯ ಬಿಸಿಯಲ್ಲಿ ಇಡ್ಲಿ ತಿಂದು ಒಗ್ಗಟ್ಟು ತೋರಿಸಲು ಸೇರಿದ್ದ ಸಭೆಯ ಸುದ್ದಿಯನ್ನು ವಾಚುಗಳು ನುಂಗಿಹಾಕಿದವು. ಬೆಲೆ ಸುಮಾರು 43 ಲಕ್ಷ ರೂಪಾಯಿ ಎಂಬ ಅಂಕಿಯನ್ನು ಬಿಜೆಪಿ ಮುಂದಿಟ್ಟಿತು. ತಮ್ಮ ವಾಚನ್ನು ಏಳು ವರ್ಷಗಳ ಹಿಂದೆ ಯುರೋಪಿನಲ್ಲಿ ಕ್ರೆಡಿಟ್ ಕಾರ್ಡಿನಿಂದ 24 ಲಕ್ಷ ರೂಪಾಯಿಗೆ ಖರೀದಿಸಿದ್ದಾಗಿಯೂ ಅದನ್ನು ಘೋಷಿಸಿರುವುದಾಗಿಯೂ ಶಿವಕುಮಾರ್ ಉತ್ತರಿಸಿದರು. ಅವರ ಚುನಾವಣಾ ಪ್ರಮಾಣಪತ್ರದಲ್ಲಿ ಕಾರ್ತಿಯೆ ಇಲ್ಲ, ಇರುವುದು ರೋಲೆಕ್ಸ್ ಮತ್ತು ಹ್ಯೂಬ್ಲೋ ಮಾತ್ರ ಎಂದು ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕರಾಗಿದ್ದ ಛಲವಾದಿ ನಾರಾಯಣಸ್ವಾಮಿ ಆಕ್ಷೇಪಿಸಿದರು. ಲೋಕಾಯುಕ್ತಕ್ಕೆ ಸಲ್ಲಿಸಿದ ವಿವರಗಳನ್ನು ಶಿವಕುಮಾರ್ ಎದುರಿಗಿಟ್ಟರು.

ಒಂದೇ ಹೆಸರು, ಒಂದೇ ಬಗೆಯ ಮುಖ. ಆದರೂ 24 ಲಕ್ಷಕ್ಕೂ 43 ಲಕ್ಷಕ್ಕೂ ನಡುವೆ ಒಂದು ಮನೆ ಕಟ್ಟಬಹುದಾದಷ್ಟು ಅಂತರ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಕೊಂಡ ವರ್ಷ, ಕೊಂಡ ದೇಶ, ಲೋಹ, ಆಮದು ಸುಂಕ, ತೆರಿಗೆ ಇವೆಲ್ಲ ಸೇರಿ ಒಂದೇ ಮಾದರಿಯ ಬೆಲೆಯನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತವೆ. ಚಿತ್ರ ನೋಡಿ ಬೆಲೆ ಕಟ್ಟುವವರು ಇವಾವುದನ್ನೂ ನೋಡಿರುವುದಿಲ್ಲ. ಅವರು ಓದುವುದು ಡಯಲ್ ಮೇಲಿನ ಹೆಸರನ್ನು. ಹಾಗಿದ್ದರೆ ಆ ಹೆಸರು, ಆ ಲಾಂಛನ ಎಷ್ಟರ ಮಟ್ಟಿಗೆ ಸಾಕ್ಷಿ?

2016ರ ಹ್ಯೂಬ್ಲೋ

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 2016ರ ಫೆಬ್ರುವರಿಯಲ್ಲಿ ಅಂದಿನ ರಾಮನಗರ ಶಾಸಕ ಎಚ್.ಡಿ. ಕುಮಾರಸ್ವಾಮಿ ಅವರು ಸಿದ್ದರಾಮಯ್ಯನವರ ಕೈಯಲ್ಲಿದ್ದ ವಜ್ರಖಚಿತ ಹ್ಯೂಬ್ಲೋ ವಾಚಿನ ಬಗ್ಗೆ ಪ್ರಶ್ನೆ ಎತ್ತಿದರು. 50 ಲಕ್ಷದಿಂದ 70 ಲಕ್ಷ ರೂಪಾಯಿಯವರೆಗಿನ ಅಂಕಿಗಳು ಹರಿದಾಡಿದವು. ದುಬೈಯಲ್ಲಿದ್ದ ಸ್ನೇಹಿತ ವೈದ್ಯರೊಬ್ಬರು ಕೊಟ್ಟ ಉಡುಗೊರೆ ಎಂದು ಮುಖ್ಯಮಂತ್ರಿ ವಿವರಿಸಿದರು. ಸದನದಲ್ಲಿ ಗದ್ದಲವೆದ್ದು, 2016ರ ಮಾರ್ಚ್ 2ರಂದು ಆ ವಾಚನ್ನು ಅವರು ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ಅದು ಸರ್ಕಾರದ ಸ್ವತ್ತಾಯಿತು. ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋದ ದೂರು ಅವರ ವಿರುದ್ಧ ಏನನ್ನೂ ಹೊರಗೆಡಹದೆ ಮುಕ್ತಾಯವಾಯಿತು.

ಎರಡೂ ಪ್ರಸಂಗಗಳ ಎಳೆಗಳು ಒಂದೇ ಜಿಲ್ಲೆಯನ್ನು ಸುತ್ತುವುದು ಕಾಕತಾಳೀಯವಷ್ಟೇ ಇರಬಹುದು. ಮೊದಲ ಆರೋಪ ಮಾಡಿದವರು ರಾಮನಗರದ ಶಾಸಕ. ಎರಡನೆಯದರಲ್ಲಿ ಉತ್ತರ ಕೊಡಬೇಕಾಗಿ ಬಂದವರು ಕನಕಪುರದ ಶಾಸಕ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ರಾಜಕಾರಣದಲ್ಲಿ ಉಪನಗರ ಯೋಜನೆಯನ್ನು ಮೊದಲು ತಂದವರಾರು ಎಂಬ ಜಗಳವೂ ಇವರಿಬ್ಬರ ಪಾಳಯಗಳ ನಡುವಿನದೇ.

ಎರಡೂ ಸಲ ಒಂದು ಅಂಶ ಯಾರ ಗಮನಕ್ಕೂ ಬೀಳಲಿಲ್ಲ. ಹ್ಯೂಬ್ಲೋ ಎಂದೊಡನೆ ಇಂತಿಷ್ಟು ಲಕ್ಷ, ಕಾರ್ತಿಯೆ ಎಂದೊಡನೆ ಇಂತಿಷ್ಟು ಲಕ್ಷ ಎಂದು ಲೆಕ್ಕ ಶುರುವಾಯಿತು. ಡಯಲ್ ಮೇಲಿನ ಹೆಸರೆಂದರೆ ನೋಟಿನ ಮೇಲಿನ ಅಂಕಿ ಇದ್ದ ಹಾಗೆ, ಎಲ್ಲ ಕಾಲಕ್ಕೂ ಎಲ್ಲ ವಾಚಿಗೂ ಒಂದೇ ಎಂಬ ನಂಬಿಕೆ ಈ ಲೆಕ್ಕದ ಹಿಂದಿದೆ. ಗಡಿಯಾರಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ.

ಅಸಲಿಯೇ ಹಲವು ಬಗೆ

ಹ್ಯೂಬ್ಲೋದಿಂದಲೇ ಆರಂಭಿಸಬಹುದು. ಫ್ರೆಂಚಿನಲ್ಲಿ ಈ ಪದಕ್ಕೆ ಹಡಗಿನ ದುಂಡು ಕಿಟಕಿ ಎಂದರ್ಥ. 1980ರಲ್ಲಿ ಕಾರ್ಲೊ ಕ್ರೊಕ್ಕೊ ಇದನ್ನು ಮಾರುಕಟ್ಟೆಗೆ ತಂದಾಗ ಕಂಪೆನಿಯ ಹೆಸರು ಎಂಡಿಎಂ ಜಿನೀವ್. ಆ ಕಾಲದ ಹಲವು ಡಯಲ್‌ಗಳ ಮೇಲೆ ಈ ಹೆಸರನ್ನು ಇಂದಿಗೂ ಕಾಣಬಹುದು. 2005ರ ‘ಬಿಗ್ ಬ್ಯಾಂಗ್’ ಮಾದರಿಯ ನಂತರ ಹ್ಯೂಬ್ಲೋವನ್ನು ಕಂಡವರು ಹಳೆಯದನ್ನು ನೋಡಿದರೆ ನಕಲಿ ಎಂದು ಪಕ್ಕಕ್ಕಿಟ್ಟಾರು.

ಕಾರ್ತಿಯೆಯ ಕಥೆಯೂ ಹಾಗೆಯೇ. ಬ್ರೆಜಿಲಿನ ವಿಮಾನ ಸಾಹಸಿ ಆಲ್ಬರ್ಟೊ ಸ್ಯಾಂಟೋಸ್ ಡ್ಯೂಮಾಂಟ್‌ಗಾಗಿ 1904ರಲ್ಲಿ ಲೂಯಿ ಕಾರ್ತಿಯೆ ರೂಪಿಸಿದ ವಾಚು ಸ್ಯಾಂಟೋಸ್ ಹೆಸರಿನ ಮೂಲ. ಕಾರ್ತಿಯೆಯ ಅನೇಕ ಡಯಲ್‌ಗಳಲ್ಲಿ ಹೆಸರು ಎರಡು ಬಾರಿ ಇರುತ್ತದೆ. ಒಂದು ಎಲ್ಲರಿಗೂ ಕಾಣುವಂತೆ 12ರ ಕೆಳಗೆ. ಮತ್ತೊಂದು 7 ಅಥವಾ 10ರ ರೋಮನ್ ಅಂಕಿಯ ಒಂದು ಗೆರೆಯೊಳಗೆ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ. ಹಳೆಯ ವಾಚುಗಳಲ್ಲಿ ಈ ಗುಪ್ತ ಸಹಿ ಇಲ್ಲದಿರಬಹುದು. ಪ್ಯಾರಿಸ್ ಅಂಗಡಿಯದು ಒಂದು ಬಗೆ, ಲಂಡನ್ ಅಂಗಡಿಯದು ಇನ್ನೊಂದು ಬಗೆ. 1970ರ ದಶಕದ ಅಗ್ಗದ ಸಾಲಿನ ವಾಚುಗಳ ಮೇಲೆ ‘ಮಸ್ಟ್ ಡಿ ಕಾರ್ತಿಯೆ’ ಎಂಬ ಬರಹ. ಎಲ್ಲವೂ ಅಸಲಿಯೇ. ಬೆಲೆಗಳು ಮಾತ್ರ ಆಕಾಶ ಭೂಮಿ.

ವ್ಯತ್ಯಾಸಗಳಿಗೆ ಕಾರಣಗಳಿವೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ದೊಡ್ಡ ಹೆಸರಿನ ಸ್ವಿಸ್ ಕಂಪೆನಿಗಳೂ ಡಯಲ್‌ಗಳನ್ನು ತಾವೇ ತಯಾರಿಸುತ್ತಿರಲಿಲ್ಲ. ಸ್ಟರ್ನ್, ಸಿಂಗರ್, ಬೈಯಲರ್ ಮುಂತಾದ ಹೊರಗಿನ ಕಾರ್ಖಾನೆಗಳು ಅವರಿಗೆ ಡಯಲ್ ಪೂರೈಸುತ್ತಿದ್ದವು. ಅಚ್ಚಿನ ಪಡಿ ಬದಲಾದರೆ ಅಕ್ಷರದ ದಪ್ಪ ಬದಲಾಗುತ್ತಿತ್ತು. ಕಾರ್ಖಾನೆ ಬದಲಾದರೆ ಕಿರೀಟದ ಕೊನೆಗಳು ಕೊಂಚ ಅಗಲವಾಗುತ್ತಿದ್ದವು ಅಥವಾ ಮೊನಚಾಗುತ್ತಿದ್ದವು. 1960ರ ದಶಕದ ಕೊನೆಯಿಂದ 1970ರ ದಶಕದ ಮಧ್ಯದವರೆಗೆ ಬಂದ ರೋಲೆಕ್ಸ್ ಸಬ್‌ಮರೀನರ್ 1680 ಮಾದರಿಯಲ್ಲಿ ‘ಸಬ್‌ಮರೀನರ್’ ಎಂಬ ಪದ ಕೆಂಪು ಅಕ್ಷರದಲ್ಲಿದೆ, ಅನಂತರದವುಗಳಲ್ಲಿ ಬಿಳಿ. ಕೆಂಪಿನಲ್ಲೂ ನೀರಿನ ಆಳವನ್ನು ಮೊದಲು ಮೀಟರಿನಲ್ಲಿ ಬರೆದದ್ದು, ಮೊದಲು ಅಡಿಯಲ್ಲಿ ಬರೆದದ್ದು ಎಂದು ಮತ್ತೆ ಪಂಗಡಗಳು. ಕೆಂಪು ಅಕ್ಷರದ ಒಂದು ಸಾಲಿಗೆ ಸಂಗ್ರಾಹಕರು ಲಕ್ಷಗಟ್ಟಲೆ ಹೆಚ್ಚು ತೆರುತ್ತಾರೆ.

ರೋಲೆಕ್ಸ್ ಬಳಗದ್ದೇ ಆದ ಟ್ಯೂಡರ್ ವಾಚುಗಳ ಮೇಲೆ ಮೊದಲು ಗುಲಾಬಿ ಹೂವಿತ್ತು. 1960ರ ದಶಕ ಮುಗಿಯುವ ಹೊತ್ತಿಗೆ ಗುಲಾಬಿ ಹೋಗಿ ಗುರಾಣಿ ಬಂತು. ಚಂದ್ರನ ಮೇಲೆ ಹೋಗಿಬಂದ ಖ್ಯಾತಿಯ ಒಮೆಗಾ ಸ್ಪೀಡ್‌ಮಾಸ್ಟರ್‌ನ ಮೊದಲ ದಶಕದ ಡಯಲ್‌ಗಳ ಮೇಲೆ ಲಾಂಛನವನ್ನು ಲೋಹದಲ್ಲಿ ಕತ್ತರಿಸಿ ಕೂರಿಸಲಾಗಿತ್ತು. 1968ರಲ್ಲಿ ಬಂದ 145.022 ಮಾದರಿಯಿಂದ ಅದನ್ನು ಬಣ್ಣದಲ್ಲಿ ಅಚ್ಚು ಹಾಕಲಾಯಿತು. ಮನೆಯ ಹಿರಿಯರೊಬ್ಬರು ವಿದೇಶದಿಂದ ತಂದ ಒಮೆಗಾದ ಲಾಂಛನ ಕೈಗೆ ತಾಗುವುದಿಲ್ಲ, ಹಾಗಾಗಿ ನಕಲಿ ಎನ್ನುವುದಾದರೆ ಅದು ತಪ್ಪು ತೀರ್ಪು.

ಡಯಲ್ ಕೆಳಗಿನ ಅಂಚಿನ ಕಿರು ಬರಹವೂ ಕಾಲದೊಡನೆ ಬದಲಾಗಿದೆ. ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಬಳಿದಿದ್ದ ಕಾಲದಲ್ಲಿ ‘ಟಿ ಸ್ವಿಸ್ ಟಿ’ ಎಂದಿರುತ್ತಿತ್ತು. ರೋಲೆಕ್ಸ್ ಟ್ರಿಟಿಯಂ ಕೈಬಿಟ್ಟ 1998ರ ಸುಮಾರಿಗೆ ಕೆಲಕಾಲ ಬರೀ ‘ಸ್ವಿಸ್’ ಎಂದಾಯಿತು, ಆಮೇಲೆ ‘ಸ್ವಿಸ್ ಮೇಡ್’. ಈ ಬರಹದ ಹಿಂದೆ ಸ್ವಿಟ್ಜರ್ಲೆಂಡಿನ ಕಾನೂನೂ ಇದೆ. 2017ರ ಜನವರಿ 1ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ 60ರಷ್ಟು ಆ ದೇಶದಲ್ಲೇ ಆಗಿರಬೇಕೆಂಬ ನಿಯಮ ವಾಚಿಗೆ ಅನ್ವಯವಾಗುತ್ತಿದೆ.

ಇನ್ನು ಅಂಗಡಿಗಳ ಹೆಸರು. ಕಂಪೆನಿಗಿಂತ ಮಾರಾಟಗಾರನೇ ಗ್ರಾಹಕನಿಗೆ ಹೆಚ್ಚು ಪರಿಚಿತನಾಗಿದ್ದ ಕಾಲವೊಂದಿತ್ತು. ನ್ಯೂಯಾರ್ಕಿನ ಟಿಫಾನಿ ಅಂಗಡಿ 1850ರ ದಶಕದಿಂದ ಪಾಟೆಕ್ ಫಿಲಿಪ್ ವಾಚುಗಳನ್ನು ಮಾರುತ್ತ ಬಂದಿದ್ದು, ಕೆಲವು ಡಯಲ್‌ಗಳ ಮೇಲೆ ಎರಡೂ ಹೆಸರುಗಳಿರುತ್ತವೆ. ಆ ನಂಟಿನ ನೆನಪಿಗೆ 2021ರಲ್ಲಿ ತಯಾರಿಸಿದ 170 ನೀಲಿ ಡಯಲ್‌ಗಳ ನಾಟಿಲಸ್ ವಾಚುಗಳಲ್ಲಿ ಒಂದು ಅದೇ ಡಿಸೆಂಬರ್ 11ರ ಹರಾಜಿನಲ್ಲಿ 65 ಲಕ್ಷ ಡಾಲರ್ ದಾಟಿತು. ಒಮಾನಿನ ಖಂಜರ್ ಕಠಾರಿ ಇರುವ ರೋಲೆಕ್ಸ್, ಅರಬ್ ಎಮಿರೇಟ್ಸಿನ ಗಿಡುಗನ ಮುದ್ರೆ ಇರುವ ರೋಲೆಕ್ಸ್ ಕೂಡ ಉಂಟು. ಅರಸೊತ್ತಿಗೆಗಳೂ ಸರ್ಕಾರಿ ಇಲಾಖೆಗಳೂ ಉಡುಗೊರೆ ಕೊಡಲೆಂದು ಮಾಡಿಸಿಕೊಂಡವು ಇವು. ಕೊಲ್ಲಿಯಲ್ಲಿ ದುಡಿದು ಬಂದ ಕರಾವಳಿಯ ಮನೆಯೊಂದರಲ್ಲಿ ಇಂಥದ್ದೊಂದು ಸಿಕ್ಕರೆ, ಇದೇನೋ ವಿಚಿತ್ರ ಚಿಹ್ನೆ ಎಂದು ಚಿಲ್ಲರೆ ಬೆಲೆಗೆ ಹೋಗಿಬಿಡುವ ಅಪಾಯ ಇದೆ.

ನಕಲಿ ತಯಾರಕನಿಗೆ ಈ ತಾಪತ್ರಯ ಇಲ್ಲ. ಆತ ಒಂದು ಒಳ್ಳೆಯ ಮಾದರಿಯನ್ನು ಹಿಡಿದು ಸಾವಿರ ಪ್ರತಿ ತೆಗೆಯುತ್ತಾನೆ, ಲಾಂಛನ ಸಾವಿರದಲ್ಲೂ ಒಂದೇ. ಅಸಲಿಯಲ್ಲಿ ವ್ಯತ್ಯಾಸ, ನಕಲಿಯಲ್ಲಿ ಏಕರೂಪ ಎಂಬ ಈ ತಲೆಕೆಳಗಾದ ಸ್ಥಿತಿಯಲ್ಲಿ ಬರಿಗಣ್ಣಿನ ಪರೀಕ್ಷೆ ಹೆಚ್ಚು ದೂರ ಹೋಗದು. ಕೇಸಿನ ಮೇಲಿನ ಸಂಖ್ಯೆ, ಒಳಗಿನ ಯಂತ್ರ, ಖರೀದಿಯ ರಸೀತಿ, ರಿಪೇರಿಯ ದಾಖಲೆ ಎಲ್ಲ ಕೂಡಿ ಬಂದಾಗ ಮಾತ್ರ ಡಯಲ್ ಮಾತಿಗೆ ಬೆಲೆ. ಅಷ್ಟಾದರೂ ಕಂಪೆನಿಯ ಸರ್ವಿಸ್ ಸೆಂಟರಿನಲ್ಲೇ ಹಳೆಯ ಡಯಲ್ ತೆಗೆದು ಹೊಸದನ್ನು ಹಾಕಿದ್ದರೆ ವಾಚು ಅಸಲಿಯಾಗಿಯೇ ಉಳಿದು, ಸಂಗ್ರಾಹಕರ ಬೆಲೆ ಕುಸಿದಿರುತ್ತದೆ.

ಎಚ್‌ಎಂಟಿಯ ನಾಡಿನಲ್ಲಿ

ಐಷಾರಾಮಿ ವಾಚುಗಳ ಈ ಪುರಾಣ ನಗರದ ಕೆಲವೇ ಜನರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಡಯಲ್‌ನ ಗೊಂದಲ ಕರ್ನಾಟಕದ ಸಾಮಾನ್ಯ ಮನೆಗಳಿಗೂ ಬಂದಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚು ಕಾರ್ಖಾನೆ, ಆಮೇಲೆ ತುಮಕೂರಿಗೂ ಹರಡಿ, ದಶಕಗಳ ಕಾಲ ಮದುವೆಯ ಗಂಡಿಗೆ, ನಿವೃತ್ತನಾಗುವ ಮೇಷ್ಟ್ರಿಗೆ ವಾಚು ಪೂರೈಸಿತು. ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಹ್ಯೂಬ್ಲೋ ಗದ್ದಲ ಎದ್ದದ್ದು ಮರು ತಿಂಗಳು. ಒಂದು ಸ್ವಿಸ್ ವಾಚಿನ ಬಗ್ಗೆ ನಡೆದ ಚರ್ಚೆಯ ನೂರರಲ್ಲೊಂದು ಪಾಲೂ ನಮ್ಮದೇ ಕಾರ್ಖಾನೆಗೆ ಸಿಗಲಿಲ್ಲ ಎಂಬುದನ್ನು ಹೇಳದೆ ಇರಲಾಗದು. ಹ್ಯೂಬ್ಲೋ ಪ್ರಶ್ನೆ ಎತ್ತಿದ ಕುಮಾರಸ್ವಾಮಿಯವರೇ 2024ರ ಜೂನ್‌ನಲ್ಲಿ ಕೇಂದ್ರದ ಬೃಹತ್ ಕೈಗಾರಿಕಾ ಸಚಿವರಾದಾಗ ಎಚ್‌ಎಂಟಿ ಅವರ ಖಾತೆಯಡಿ ಬಂತು.

ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಎಚ್‌ಎಂಟಿಗೆ ಗಿರಾಕಿ ಹುಟ್ಟಿದ. ದೇವನಾಗರಿ ಅಂಕಿಗಳ ‘ಜನತಾ’ದಂಥ ನಿಜವಾದ ವೈವಿಧ್ಯಗಳು ಇದ್ದದ್ದರಿಂದ, ಇಲ್ಲದ ವೈವಿಧ್ಯಗಳನ್ನು ಸೃಷ್ಟಿಸುವುದೂ ಸುಲಭವಾಯಿತು. ಸವೆದ ಡಯಲ್ ಉಜ್ಜಿ, ಕಾರ್ಖಾನೆ ಎಂದೂ ಬಳಸದ ಬಣ್ಣ ಬಳಿದು, ಹೆಸರನ್ನು ಮತ್ತೆ ಅಚ್ಚು ಹಾಕಿ ಮಾರುವ ದಂಧೆ ಬೆಳೆಯಿತು. ಸಂಗ್ರಾಹಕರ ಬಾಯಲ್ಲಿ ಇದು ‘ರೀಡಯಲ್’. ಸ್ವಿಸ್ ಮೂಲದ ವೆಸ್ಟ್ ಎಂಡ್, ಫಾವ್ರ್ ಲ್ಯೂಬಾಗಳಿಗೂ ಇದೇ ಗತಿ. ಯಂತ್ರ ಅಸಲಿ, ಮುಖ ಹೊಸದು. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಹಳೆಯ ರಿಪೇರಿಗಾರ ಇದನ್ನು ಮೋಸವೆಂದು ಭಾವಿಸುವುದಿಲ್ಲ. ಮಸುಕಾದ ಅಂಕಿ ಕಾಣುವಂತೆ ಮಾಡಿಕೊಡುವುದು ಆತನ ಕಸುಬು. ಕಾರ್ಖಾನೆಯ ಮೂಲ ಡಯಲ್ ಎಂದು ಹೇಳಿ ಮಾರುವ ಕಡೆ ಮೋಸ ಆರಂಭವಾಗುತ್ತದೆ.

ಕಾನೂನಿನ ಕಣ್ಣಿಗೆ

ರಾಜಕಾರಣಿಯ ಕೈಯಲ್ಲಿರುವ ವಾಚು ಖಾಸಗಿ ಅಭಿರುಚಿಯ ವಿಷಯವೋ ಸಾರ್ವಜನಿಕ ಪ್ರಶ್ನೆಯೋ ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 9ರಂದು ಸ್ಪರ್ಶಿಸಿತು. ಅರುಣಾಚಲ ಪ್ರದೇಶದ ಶಾಸಕ ಕರಿಖೊ ಕ್ರಿ ಅವರ ಪ್ರಕರಣದಲ್ಲಿ, ಅಭ್ಯರ್ಥಿಯು ತನ್ನ ಪ್ರತಿಯೊಂದು ಚರಾಸ್ತಿಯನ್ನೂ ಘೋಷಿಸಬೇಕಿಲ್ಲ ಎಂದು ನ್ಯಾಯಪೀಠ ಹೇಳಿತು. ಅದಕ್ಕೆ ಕೊಟ್ಟ ಉದಾಹರಣೆಯೇ ಕೈಗಡಿಯಾರ. ಅಭ್ಯರ್ಥಿಯ ಕುಟುಂಬದಲ್ಲಿ ಭಾರಿ ಬೆಲೆಯ ಹಲವು ವಾಚುಗಳಿದ್ದರೆ ಅವನ್ನು ಬಹಿರಂಗಪಡಿಸಲೇಬೇಕು, ಏಕೆಂದರೆ ಅದು ಆಸ್ತಿಯೂ ಹೌದು, ಜೀವನಶೈಲಿಯ ಸೂಚನೆಯೂ ಹೌದು. ಸಾಧಾರಣ ವಾಚನ್ನು ನಮೂದಿಸದಿದ್ದರೆ ದೋಷವಾಗದಿರಬಹುದು ಎಂಬುದು ಅದರ ಸಾರ.

ತರ್ಕ ಒಪ್ಪುವಂಥದ್ದು. ಆದರೆ ಸಾಧಾರಣ ಎಲ್ಲಿ ಮುಗಿದು ದುಬಾರಿ ಎಲ್ಲಿ ಶುರುವಾಗುತ್ತದೆ? ತಾತನಿಂದ ಬಂದ ಹಳೆಯ ರೋಲೆಕ್ಸ್ ಮನೆಯವರ ಪಾಲಿಗೆ ಸಾಧಾರಣ ವಾಚು. ಅದರ ಡಯಲ್ ಮೇಲೆ ಒಂದು ಸಾಲು ಕೆಂಪಗಿದ್ದರೆ ಹರಾಜಿನಲ್ಲಿ ಅದು ಕಾರಿಗಿಂತ ದುಬಾರಿ. ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರ್‌ನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಅಂಥ ವಿಶಿಷ್ಟ ಡಯಲ್‌ಗಳ ಡೇಟೋನಾಗಳನ್ನು ಮೊದಲಿಗೆ ಕೇಳುವವರೇ ಕಡಿಮೆ ಇದ್ದರು.

ತೆರಿಗೆ ಕಾನೂನಿನಲ್ಲೂ ಇಂಥದೇ ಬಿರುಕು. 1961ರ ಆದಾಯ ತೆರಿಗೆ ಕಾಯ್ದೆ, ಬಂಧುಗಳಲ್ಲದವರಿಂದ ಬರುವ 50,000 ರೂಪಾಯಿ ಮೀರಿದ ಕೆಲವು ಬಗೆಯ ಉಡುಗೊರೆಗಳನ್ನು ಆದಾಯವೆಂದು ಪರಿಗಣಿಸಿತು. ಆ ಪಟ್ಟಿಯಲ್ಲಿ ಷೇರು, ಆಭರಣ, ಚಿತ್ರಕಲೆ, ಶಿಲ್ಪ, ಚಿನ್ನದ ಗಟ್ಟಿ ಇವೆ, ವಾಚಿನ ಹೆಸರಿಲ್ಲ. ಉಕ್ಕಿನ ವಾಚು ಎಷ್ಟೇ ಲಕ್ಷದ್ದಾದರೂ ಪಟ್ಟಿಯ ಹೊರಗೆ. ವಜ್ರ ಕೂರಿಸಿದ್ದರೆ ಅದು ಆಭರಣವೇ ಎಂದು ವಕೀಲರು ವಾದಿಸಲು ಅವಕಾಶ ಉಂಟು. 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರವನ್ನು ಮಾರುವಾತ ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕೆಂಬ ನಿಯಮ ಬಂದಿದೆ. ದುಬಾರಿ ವಾಚು ಕೊಂಡವರ ಹೆಸರು ಅಂಗಡಿಯಿಂದಲೇ ಇಲಾಖೆಯ ದಾಖಲೆಗೆ ಹೋಗುವ ಇಂಥ ವ್ಯವಸ್ಥೆ ಬರಲು ಇಷ್ಟು ವರ್ಷ ಹಿಡಿಯಿತು. ದುಬೈಯಲ್ಲೋ ಜಿನೀವಾದಲ್ಲೋ ಕೊಂಡು ಕೈಗೆ ಕಟ್ಟಿಕೊಂಡು ಬಂದದ್ದು ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ವಿಟ್ಜರ್ಲೆಂಡ್ ಒಳಗೊಂಡ ನಾಲ್ಕು ದೇಶಗಳ ಕೂಟದೊಡನೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಯಾಗಿದ್ದು, ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿಯಲಿದೆ. ಕಾನೂನುಬದ್ಧವಾಗಿ ಬರುವ ವಾಚುಗಳು ಇನ್ನಷ್ಟು ಹೆಚ್ಚಲಿವೆ.

ಕರ್ನಾಟಕದ ಶಾಸಕರು ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಡಿ ಪ್ರತಿವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಚುನಾವಣೆಗೆ ನಿಂತಾಗ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ಆ ನಮೂನೆ ವಾಹನವಿದ್ದರೆ ತಯಾರಕರು ಯಾರು, ನೋಂದಣಿ ಸಂಖ್ಯೆ ಏನು, ಯಾವ ವರ್ಷ ಕೊಂಡದ್ದು ಎಂದು ಕೇಳುತ್ತದೆ. ಚಿನ್ನವಿದ್ದರೆ ತೂಕ ಕೇಳುತ್ತದೆ. ಜಮೀನಿಗೆ ಸರ್ವೆ ನಂಬರು ಬೇಕು. ಕೈಗಡಿಯಾರಕ್ಕೆ ಪ್ರತ್ಯೇಕ ಅಂಕಣವಿಲ್ಲ. ಇತರ ಆಸ್ತಿಗಳ ಸಾಲಿನಲ್ಲಿ ಹೆಸರು, ಬೆಲೆ ಬರೆದರೆ ಮುಗಿಯಿತು. ಮಾದರಿ ಯಾವುದು, ಕೇಸಿನ ಮೇಲಿನ ಸಂಖ್ಯೆ ಏನು, ಎಲ್ಲಿ ಎಂದು ಕೊಂಡದ್ದು ಎಂದು ಅಭ್ಯರ್ಥಿಯನ್ನು ಯಾರೂ ಕೇಳುವುದಿಲ್ಲ. ಐದು ವರ್ಷಗಳ ನಂತರ ಅದೇ ಹೆಸರಿನ ಬೇರೊಂದು ವಾಚು ಕೈಯಲ್ಲಿ ಕಂಡರೆ, ಘೋಷಿಸಿದ್ದು ಇದನ್ನೇ ಎನ್ನಲು ಅಡ್ಡಿಯಿಲ್ಲ. ನಿಜವಾಗಿಯೂ ಅದನ್ನೇ ಘೋಷಿಸಿದವರಿಗೆ, ಹಾಗೆಂದು ಸಾಬೀತುಪಡಿಸಲೂ ದಾರಿಯಿಲ್ಲ.

ಕೇಂದ್ರ ಸರ್ಕಾರ ಈ ನಮೂನೆಗೆ ಒಂದು ಸಾಲು ಸೇರಿಸಿ, ಇಂತಿಷ್ಟು ಮೊತ್ತ ಮೀರಿದ ವಾಚಿನ ತಯಾರಕರ ಹೆಸರು, ಮಾದರಿ, ಸಂಖ್ಯೆ ಕೇಳಿದರೆ ಯಾರ ಖಾಸಗಿತನಕ್ಕೂ ಧಕ್ಕೆಯಾಗದು. ಬೈರಮಂಗಲದ ರೈತನ ಎರಡು ಎಕರೆಗೆ ಇಷ್ಟು ವಿವರ ಬಹಳ ಹಿಂದಿನಿಂದ ಇದೆ.